ಕಳಮನಾದ ಹಿಕ್ಕೆಗುಂಡಿ

ರೇಷ್ಮೆ ಕೆಲಸಕ್ಕೆ ಸೇರುವವರಿಗೆ ಮೊದಲ ವಾರ ಯಾರೂ ಹೇಳದ ಸಂಗತಿ ಒಂದಿದೆ. ಹುಳುವಿಗೆ ಸೊಪ್ಪು ಹಾಕುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೋ, ಅದರ ಅಡಿಯ ಕಸ ತೆಗೆಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಹುಳು ದೊಡ್ಡದಾಗಿ ಗೂಡು ಕಟ್ಟುವ ಮುಂಚಿನ ವಾರದಲ್ಲಿ ಅದು ಬಿಡುವಿಲ್ಲದೆ ತಿನ್ನುತ್ತದೆ, ಬಿಡುವಿಲ್ಲದೆ ಹಿಕ್ಕೆ ಹಾಕುತ್ತದೆ. ಮೆಣಸಿನಕಾಳಿನ ನುಚ್ಚಿನಂತಹ ಕಪ್ಪು ಹಿಕ್ಕೆ, ತಿಂದು ಬಿಟ್ಟ ಹಿಪ್ಪುನೇರಳೆಯ ದಂಟು, ಅಲ್ಲೊಂದು ಇಲ್ಲೊಂದು ಸತ್ತ ಹುಳು, ಇವೆಲ್ಲ ಸೇರಿ ಪ್ರತಿದಿನ ಬುಟ್ಟಿಗಟ್ಟಲೆ ಹೊರಗೆ ಹೋಗಬೇಕು. ಹೋಗಿ ಎಲ್ಲಿ ಬೀಳಬೇಕು ಎನ್ನುವ ಪ್ರಶ್ನೆಯ ಸುತ್ತಲೇ ನನ್ನ ನಾಗಪುರದ ವರ್ಷಗಳು ಕಳೆದವು.

ಈಚೆಗೆ ಇಲಾಖೆಗೆ ಸೇರಿದ ಮೂವರು ನನ್ನನ್ನು ನೋಡಲು ಬಂದಿದ್ದರು. ಹಿಕ್ಕೆ ಗೊಬ್ಬರ ಮಾಡುವ ಕ್ರಮ ಅವರಿಗೆ ಪುಸ್ತಕದಿಂದ ಚೆನ್ನಾಗಿಯೇ ತಿಳಿದಿತ್ತು. ನಾವು ಅದನ್ನು ಕಲಿತದ್ದು ಹೇಗೆ ಎಂಬುದು ತಿಳಿದಿರಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರು ಸೀಮೆಯವನು. ರೇಷ್ಮೆ ಬೆಳೆಯುವ ಊರಿನಲ್ಲಿ ಹುಟ್ಟಿದವನು. ಐವತ್ತರ ದಶಕದ ಮೊದಲ ಭಾಗದಲ್ಲಿ ನಾಗಪುರದ ಕಡೆ ಹಿಪ್ಪುನೇರಳೆ ಹಚ್ಚಿ ಹುಳು ಸಾಕಿ ನೋಡುವ ಒಂದು ಯೋಜನೆ ಹೊರಟಿತು. ಹುಳು ಗೊತ್ತಿದ್ದವನೊಬ್ಬ ಬೇಕೆಂದು ನನ್ನನ್ನು ಎರವಲಾಗಿ ಕಳಿಸಿದರು. ನಾಗಪುರದ ಅಂಚಿನ ಕಳಮನಾದಲ್ಲಿ ಆಗ ಈಗಿನಂತಹ ದೊಡ್ಡ ಮಂಡಿ ಇರಲಿಲ್ಲ. ಊರು ಮುಗಿದು ಜೋಳದ ಹೊಲಗಳು ಶುರುವಾಗುವ ಜಾಗ ಅದು. ಅಲ್ಲಿ ಮೂರು ಎಕರೆ ಹಿಪ್ಪುನೇರಳೆ, ಒಂದು ಬಾವಿ, ಹೆಂಚು ಹೊದಿಸಿದ ಉದ್ದನೆಯ ಸಾಕಣೆ ಮನೆ. ಡಿಸೆಂಬರಿನಲ್ಲಿ ಹೋಗಿ ಇಳಿದಾಗ ಹವೆ ತಂಪಾಗಿತ್ತು. ಹುಳು ಚೆನ್ನಾಗಿ ಬಂದೀತು ಎಂದುಕೊಂಡೆ. ಮೇ ತಿಂಗಳು ಎಂದರೇನೆಂದು ನನಗಿನ್ನೂ ಗೊತ್ತಿರಲಿಲ್ಲ.

ನನ್ನ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ವಿಜಾಪುರದ ಕಡೆಯ ಕನ್ನಡಿಗರು, ಆದರೆ ನೌಕರಿಯೆಲ್ಲ ನಾಗಪುರದಲ್ಲೇ ಆದದ್ದರಿಂದ ಅವರ ಕನ್ನಡದಲ್ಲಿ ಅರ್ಧ ಮರಾಠಿ. ವಾರಕ್ಕೆ ಎರಡು ದಿನ ಸೈಕಲ್ಲಿನಲ್ಲಿ ಬರುತ್ತಿದ್ದರು. ಬಿಳಿ ಕೋಟು, ಕಪ್ಪು ಟೊಪ್ಪಿಗೆ. ಜೇಬಿನಲ್ಲಿ ಆದೇಶಗಳನ್ನು ಕೈಬರಹದಲ್ಲಿ ನಕಲು ಮಾಡಿಕೊಂಡ ಚಿಕ್ಕ ಪುಸ್ತಕ. ಯಾವ ಮಾತು ಬಂದರೂ ಮೊದಲು ಆ ಪುಸ್ತಕ ತೆರೆಯುವುದು ಅವರ ರೂಢಿ.

ಕೆಲಸಕ್ಕೆ ಐದು ಜನ ಕೂಲಿಯವರಿದ್ದರು. ಅವರಲ್ಲಿ ಮುಖ್ಯಳು ಸಖೂಬಾಯಿ. ಗಂಡ ನಾಗಪುರದ ಗಾಂಧಿಬಾಗ್ ಪೇಟೆಯ ಅಂಗಡಿಗಳಲ್ಲಿ ಮೂಟೆ ಹೊರುತ್ತಿದ್ದ. ನಮ್ಮ ಬೇಲಿಯ ಆಚೆ ಅವರದ್ದೇ ಎರಡು ಎಕರೆ ಜೋಳದ ಹೊಲವಿತ್ತು. ಅದನ್ನು ನೋಡಿಕೊಳ್ಳುವುದು ಇವಳ ಪಾಲಿಗೆ. ಬೆಳಗ್ಗೆ ಹೊಲ, ಆಮೇಲೆ ನಮ್ಮ ಹುಳು. ಅವಳು ಆಡುತ್ತಿದ್ದುದು ಆ ಕಡೆಯ ಮರಾಠಿ. ನನಗೆ ಬಂದ ಮರಾಠಿಯೆಲ್ಲ ಅವಳಿಂದ ಬಂದದ್ದು. ಇಲ್ಲಿ ಅವಳ ಮಾತನ್ನು ಕನ್ನಡದಲ್ಲಿ ಬರೆದಿದ್ದೇನೆ.

ಮೊದಲ ಮಳೆಗಾಲದಲ್ಲಿ ಮೊದಲ ತಪ್ಪಾಯಿತು. ಜುಲೈ ತಿಂಗಳ ಹುಳು ದೊಡ್ಡದಾಗಿತ್ತು. ಸಾಕಣೆ ಮನೆಯ ಹಿಂದೆ ಹಿಕ್ಕೆಯ ರಾಶಿ ಸೊಂಟದೆತ್ತರ ಬಿದ್ದಿತ್ತು. ಬೇಲಿಯಾಚೆ ಸಖೂಬಾಯಿಯ ಜೋಳ ಗೇಣುದ್ದ ಎದ್ದಿತ್ತು. ಒಂದು ದಿನ ಅವಳು ರಾಶಿಯನ್ನು ತೋರಿಸಿ ಕೇಳಿದಳು.

"ಬಾಬೂ, ಇದನ್ನು ನಿಮ್ಮ ಊರಲ್ಲಿ ಏನು ಮಾಡ್ತಾರೆ?"

"ಹೊಲಕ್ಕೆ ಹಾಕ್ತಾರೆ. ನಮ್ಮಮ್ಮ ರಾಗಿ ಹೊಲಕ್ಕೆ ಹಾಕೋದು."

"ಚಲೋ ಬರ್ತದಾ?"

"ಬರದೆ ಏನು? ಸಗಣಿಗಿಂತ ಚಲೋ."

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಅದು ಪೂರ್ತಿ ಮಾತೂ ಆಗಿರಲಿಲ್ಲ. ಅಮ್ಮ ರಾಗಿಗೆ ಹಾಕುತ್ತಿದ್ದುದನ್ನು ನೋಡಿದ್ದೆ. ಅದಕ್ಕೆ ಮೊದಲು ಏನು ಮಾಡುತ್ತಿದ್ದಳು ಎಂದು ನೋಡಿರಲಿಲ್ಲ. ಆ ಹೊತ್ತಿಗೆಲ್ಲ ನಾನು ಶಾಲೆಯಲ್ಲಿರುತ್ತಿದ್ದೆ. ಸಖೂಬಾಯಿ ನನ್ನ ಮಾತು ನಂಬಿ ಎರಡು ದಿನ ಹಸಿ ಹಿಕ್ಕೆ ಹೊತ್ತು ಬೇಲಿಯ ಪಕ್ಕದ ಪಟ್ಟಿಗೆ ಹಾಕಿದಳು, ಪೈರಿನ ಬುಡಬುಡಕ್ಕೆ, ಕೈಯಾರೆ. ಹಾಕುವುದು ಹೇಗೆಂದು ನಾನೇ ನಿಂತು ತೋರಿಸಿದೆ. ಆಮೇಲೆ ನಾಲ್ಕು ದಿನ ಮಳೆ ಹಿಡಿದುಕೊಂಡಿತು. ಬಿಸಿಲು ಬಂತು. ಐದನೆಯ ದಿನ ಅವಳು ನನ್ನನ್ನು ಕರೆದು ಹೊಲ ತೋರಿಸಿದಳು. ಪಟ್ಟಿಯುದ್ದಕ್ಕೂ ಪೈರಿನ ತುದಿ ಹಳದಿಯಾಗಿ ಸುರುಳಿಕೊಂಡಿತ್ತು. ಹಿಕ್ಕೆಯನ್ನು ಸರಿಸಿ ಬುಡಕ್ಕೆ ಬೆರಳಿಟ್ಟೆ. ಅಡುಗೆಯಾಗಿ ಇಳಿಸಿದ ಪಾತ್ರೆಯ ಹಾಗೆ ಬೆಚ್ಚಗಿತ್ತು.

ಸಖೂಬಾಯಿ ನನ್ನನ್ನು ಬೈಯಲಿಲ್ಲ. "ಬೀಜ ಇನ್ನೂ ಇದೆ," ಎಂದಳು ಅಷ್ಟೆ.

ಭಾನುವಾರ ನಾನೂ ಹೋಗಿ ಅವಳ ಜೊತೆ ಆ ಪಟ್ಟಿಯನ್ನು ಮತ್ತೆ ಬಿತ್ತಿದೆ. ಆದರೆ ತಡವಾಗಿ ಬಿತ್ತಿದ ಜೋಳಕ್ಕೆ ಸುಳಿ ನೊಣ ತಪ್ಪುವುದಿಲ್ಲ. ಎಳೆ ಸುಳಿಯನ್ನು ಒಳಗಿನಿಂದ ತಿಂದು ಒಣಗಿಸಿಬಿಡುತ್ತದೆ. ಆ ವರ್ಷ ಆ ಪಟ್ಟಿಯಿಂದ ಅವಳಿಗೆ ಸಿಕ್ಕಿದ್ದು ದನಕ್ಕೆ ಒಂದಿಷ್ಟು ಮೇವು.

ನಾನು ಊರಿಗೆ ಕಾಗದ ಬರೆದು ಅಮ್ಮನನ್ನು ಕೇಳಿದೆ. ಅಮ್ಮನಿಗೆ ಓದು ಬರಹ ಇಲ್ಲ. ಶಾಲೆಯ ಮೇಷ್ಟ್ರು ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿದ್ದರು. "ಹಸಿ ಹಿಕ್ಕೇನ ಪೈರಿಗೆ ಯಾರಾದ್ರೂ ಹಾಕ್ತಾರೇನೋ? ಅಷ್ಟು ಓದಿ ಏನು ಕಲಿತೆ? ತಿಪ್ಪೇಲಿ ಒಂದು ಪದರ ಹಿಕ್ಕೆ, ಒಂದು ಪದರ ಸಗಣಿ, ಮೇಲೆ ಒಂದಿಷ್ಟು ಮಣ್ಣು. ನೀರು ಚಿಮುಕಿಸು. ಮೂರು ಸಲ ತಿರುವಿ ಹಾಕು. ಮೊಣಕೈ ತನಕ ಕೈ ತೂರಿಸಿದಾಗ ಬಿಸಿ ತಾಗಬಾರದು, ವಾಸನೆ ಮಳೆ ಬಿದ್ದ ಮಣ್ಣಿನ ಥರ ಇರಬೇಕು. ಅಲ್ಲೀ ತನಕ ಹೊಲದ ಕಡೆ ತಗೊಂಡು ಹೋಗಬೇಡ. ಆ ಹೆಂಗಸಿಗೆ ನಾನು ಕ್ಷಮೆ ಕೇಳಿದೆ ಅಂತ ಹೇಳು."

ಕೊನೆಯ ಸಾಲನ್ನು ಸಖೂಬಾಯಿಗೆ ಮರಾಠಿಯಲ್ಲಿ ಹೇಳಿದೆ. ಅವಳು, "ಗುಂಡಿ ಎಲ್ಲಿ ತೋಡೋದು?" ಎಂದಳು.

ಸಾಕಣೆ ಮನೆಯ ಹಿಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಎರಡಾಳುದ್ದದ ಗುಂಡಿ ತೋಡಿದೆವು. ಕುಲಕರ್ಣಿ ಸಾಹೇಬರು ಬಂದಾಗ ಮೂಗಿಗೆ ಕರವಸ್ತ್ರ ಹಿಡಿದು ದೂರದಿಂದಲೇ ನೋಡಿದರು.

"ಏನ್ರೀ ರಂಗಪ್ಪ, ಇದೇನು ಮಾಡೀರಿ?"

"ಗೊಬ್ಬರ ಸರ್. ಜೋಳಕ್ಕೆ ಹಾಕಿ ನೋಡೋಣ ಅಂತ."

ಅವರು ಪುಸ್ತಕ ತೆಗೆದು ಹಾಳೆ ಮಗುಚಿದರು. "ಸಾಕಣಿ ತ್ಯಾಜ್ಯ ಹೂಳಬೇಕು ಇಲ್ಲಾ ಸುಡಬೇಕು ಅಂತ ಐತಿ. ಗುಂಡ್ಯಾಗ ಹಾಕೀರಿ ಅಂದ್ರ ಹೂಳಿದಂಗ ಆತು. ಇಲ್ಲೀತನಕ ಬರೋಬರ್. ಮುಂದಿಂದು ಮುಂದ ನೋಡೋಣು."

ಆ ಗುಂಡಿ ಚಳಿಗಾಲವಿಡೀ ಬೆಂದಿತು. ಬೆಳಗ್ಗೆ ಮಂಜಿನಲ್ಲಿ ಅದರ ಮೇಲಿಂದ ಹಬೆ ಏಳುವುದು ಕಾಣುತ್ತಿತ್ತು. ಮೂರನೆಯ ಸಲ ತಿರುವುವ ಹೊತ್ತಿಗೆ ದಂಟು ಕಾಣದಾಯಿತು. ಮಾರ್ಚಿನಲ್ಲಿ ಕೈ ತೂರಿಸಿದರೆ ತಣ್ಣಗಿತ್ತು. ಅಷ್ಟರಲ್ಲಿ ಹೊರಗಿನ ಹವೆ ಬಿಸಿಯಾಗಿತ್ತು.

ನಾಗಪುರದ ಬೇಸಿಗೆಯನ್ನು ಬರೆದು ತಿಳಿಸುವುದು ಕಷ್ಟ. ಬಾಗಿಲಿಗೆ ಲಾವಂಚದ ತಡಿಕೆ ಕಟ್ಟಿ, ಅದಕ್ಕೆ ಗಳಿಗೆಗೊಮ್ಮೆ ನೀರೆರಚಿ, ನೆಲಕ್ಕೆ ಒದ್ದೆ ಗೋಣಿ ಹಾಸಿದರೂ ಒಳಗೆ ಹುಳು ಸೊಪ್ಪು ಮುಟ್ಟುತ್ತಿರಲಿಲ್ಲ. ಸೊಪ್ಪು ಗಿಡದಿಂದ ತಟ್ಟೆಗೆ ಬರುವಷ್ಟರಲ್ಲಿ ಬಾಡುತ್ತಿತ್ತು. ಏಪ್ರಿಲ್, ಮೇ ಎರಡು ತಿಂಗಳು ಸಾಕಣೆ ನಿಲ್ಲಿಸಿ ಎಂದು ನಾನು ಬರೆದೆ. ವರ್ಷಕ್ಕೆ ಇಷ್ಟು ಹುಳುವಿನ ಬೆಳೆ ಎಂದು ಯೋಜನೆಯಲ್ಲಿದೆ ಎಂಬ ಉತ್ತರ ಬಂತು. ಮೇ ತಿಂಗಳಲ್ಲೇ ಹುಳು ಸಾಕಿ ಜೂನ್ ಮೊದಲಿಗೆ ಒಂದು ಬೆಳೆ ತೆಗೆಯಲೇಬೇಕಾಯಿತು. ಆ ಬೆಳೆಗೆ ಹಾಲುತೊಂಡೆ ರೋಗ ಬಿತ್ತು.

ಹಾಲುತೊಂಡೆ ಬಂದ ಹುಳು ಹಳದಿಯಾಗಿ ಊದುತ್ತದೆ. ತಿನ್ನುವುದು ಬಿಟ್ಟು ತಟ್ಟೆಯ ಅಂಚಿನಲ್ಲಿ ಸುತ್ತುತ್ತದೆ. ಮುಟ್ಟಿದರೆ ಚರ್ಮ ಒಡೆದು ಹಾಲಿನಂತಹ ನೀರು ಸುರಿಯುತ್ತದೆ, ಆ ನೀರು ತಾಗಿದ ಸೊಪ್ಪು ತಿಂದ ಹುಳುವಿಗೂ ಅದೇ ಗತಿ. ನಾಲ್ಕು ದಿನದಲ್ಲಿ ಮನೆಯ ಮುಕ್ಕಾಲು ಪಾಲು ಹುಳು ಹೋಯಿತು.

ಐದನೆಯ ದಿನ ಮೇಲಿನಿಂದ ಒಬ್ಬ ದೊಡ್ಡ ಅಧಿಕಾರಿ ನೋಡಲು ಬಂದರು. ಕುಲಕರ್ಣಿ ಸಾಹೇಬರು, ನಾನು, ಕೂಲಿಯವರು ಎಲ್ಲರೂ ಸಾಲಾಗಿ ನಿಂತಿದ್ದೆವು. ರೋಗ ಹೇಗೆ ಬಂತು ಎಂದು ಅವರು ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಹಿಂದಿನ ಸಂಜೆಯೇ ಗೊತ್ತಾಗಿತ್ತು. ಹಿಕ್ಕೆಯನ್ನು ಗುಂಡಿಗೆ ಹೊತ್ತು ಸುರಿದ ಬುಟ್ಟಿಗಳಲ್ಲೇ ವಾಪಸು ಬರುವಾಗ ತೋಟದಿಂದ ಸೊಪ್ಪು ತುಂಬಿ ತರುತ್ತಿದ್ದರು. ಹಿಂದಿನ ಬೆಳೆಯಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಹುಳು ಕಂಡಿದ್ದೆ. ಅವೂ ಅದೇ ಬುಟ್ಟಿಯಲ್ಲಿ ಹೋಗಿದ್ದವು. ಬುಟ್ಟಿ ಬೇರೆ ಬೇರೆ ಇರಬೇಕು ಎಂದು ಹೇಳಬೇಕಾದವನು ನಾನು. ಹೇಳಿರಲಿಲ್ಲ. ಬುಟ್ಟಿ ಕಡಿಮೆ ಇದ್ದವು, ಗಾಂಧಿಬಾಗಿಗೆ ಹೋಗಿ ತರುವುದನ್ನು ಮುಂದೂಡಿದ್ದೆ.

ಆದರೂ ನಾನು ಬಾಯಿ ಬಿಡಲಿಲ್ಲ. ಕಾರಣ ಇಷ್ಟೆ. ಬುಟ್ಟಿಯ ಮಾತು ಎತ್ತಿದರೆ ಗುಂಡಿಯ ಮಾತು ಬರುತ್ತದೆ, ಗುಂಡಿ ಮುಚ್ಚಿ ಎನ್ನುತ್ತಾರೆ. ಒಳಗಿದ್ದ ಗೊಬ್ಬರ ಹದಕ್ಕೆ ಬಂದಿತ್ತು. ಇನ್ನು ಮೂರು ವಾರದಲ್ಲಿ ಜೋಳ ಬಿತ್ತಬೇಕಿತ್ತು.

ದೊಡ್ಡ ಅಧಿಕಾರಿ ಸಾಲಿನತ್ತ ನೋಡಿದರು. ಸಖೂಬಾಯಿಯ ಕಾಲಿಗೆ ಬೆಳಗಿನ ಹೊಲದ ಮಣ್ಣು ಮೆತ್ತಿತ್ತು.

"ಇವಳು ಹೊಲದಿಂದ ನೇರ ಇಲ್ಲಿಗೆ ಬರುತ್ತಾಳೋ?" ಎಂದು ಹಿಂದಿಯಲ್ಲಿ ಕೇಳಿದರು.

"ಹೌದು ಸಾಹೇಬ," ಎಂದಳು ಅವಳೇ. "ಕಾಲು ತೊಳೆದು ಒಳಗೆ ಹೋಗ್ತೇನೆ."

"ರೋಗ ಅಲ್ಲಿಂದಲೇ ಬಂದಿದೆ. ನಾಳೆಯಿಂದ ಇವಳು ಬೇಡ."

ಕುಲಕರ್ಣಿ ಸಾಹೇಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಸಖೂಬಾಯಿ ಗೂಟದ ಮೇಲಿದ್ದ ತನ್ನ ತಲೆಗೆ ಸುತ್ತುವ ಬಟ್ಟೆ ತೆಗೆದುಕೊಂಡು ಬೇಲಿ ದಾಟಿ ಹೋದಳು. ಹೊಲಕ್ಕೆ ಹೋಗಿ ಬಂದ ಕಾಲಿನಿಂದ ಹಾಲುತೊಂಡೆ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಬಹುಶಃ ಕುಲಕರ್ಣಿಯವರಿಗೂ ಗೊತ್ತಿತ್ತು.

ಮರುದಿನ ಬೆಳಗ್ಗೆ ನಾನು ಸೈಕಲ್ ಹತ್ತಿ ಕುಲಕರ್ಣಿಯವರ ಕಚೇರಿಗೆ ಹೋದೆ. ಬಾಗಿಲು ಆಗಷ್ಟೇ ತೆಗೆದಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಬುಟ್ಟಿ, ಹಳದಿ ಹುಳು, ಗುಂಡಿ ಉಳಿಸಲು ಸುಮ್ಮನಿದ್ದದ್ದು.

ಅವರು ಪುಸ್ತಕ ತೆರೆಯಲಿಲ್ಲ.

"ಇದನ್ನ ನಿನ್ನೆ ಹೇಳಬೇಕಾಗಿತ್ತು, ರಂಗಪ್ಪ."

"ಹೌದು ಸರ್."

"ನಿನ್ನೆ ಹೇಳಿದ್ರ ನಾನೂ ನಿಮ್ಮ ಜೋಡಿ ನಿಲ್ತಿದ್ದೆ. ಇವತ್ತು ಹೇಳಿದ್ರ ಬರದು ಕಳಸಬೇಕಾಗತೈತಿ. ಬರದದ್ದು ಫೈಲಿನ್ಯಾಗ ಉಳೀತೈತಿ. ತಿಳೀತಿಲ್ಲೋ?"

ತಿಳಿಯಿತು ಎಂದೆ. ಅವರು ಬರೆದರು, ನಾನು ರುಜು ಹಾಕಿದೆ. ಆ ಕಾಗದ ನನ್ನ ಕಡತದಲ್ಲಿ ನಿವೃತ್ತಿಯವರೆಗೂ ಇತ್ತು. ಅದರಿಂದ ಏನು ತಪ್ಪಿತು, ಏನು ತಡವಾಯಿತು ಎಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

"ಆ ಬಾಯಿನ್ನ ಕರಕೊಂಡು ಬರ್ರಿ," ಎಂದರು ಕೊನೆಗೆ. "ಆಳು ಕಳಸಬ್ಯಾಡ್ರಿ. ನೀವ ಹೋಗ್ರಿ."

ಸಖೂಬಾಯಿ ಹೊಲದಲ್ಲಿ ಹಿಂದಿನ ವರ್ಷದ ಕೂಳೆ ಕಿತ್ತು ಒಟ್ಟುತ್ತಿದ್ದಳು. ಬದುವಿನ ಮೇಲೆ ನಿಂತು ನಡೆದದ್ದು ಹೇಳಿದೆ. ಅವಳು ಕೆಲಸ ನಿಲ್ಲಿಸಲಿಲ್ಲ.

"ನಿನ್ನೆ ನಿಮಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು."

"ನಾನು ಗಂಡನಿಗೆ ಏನು ಹೇಳಿದೆ ಗೊತ್ತಾ? ನನ್ನ ಕಾಲಿಂದ ಹುಳ ಸತ್ತವು ಅಂತ ಹೇಳಿದೆ. ಅಷ್ಟು ದೊಡ್ಡ ಸಾಹೇಬ ಹೇಳಿದ ಮೇಲೆ ನಿಜವೇ ಇರಬೇಕು ಅಂದುಕೊಂಡೆ. ರಾತ್ರಿ ಊಟ ಸೇರಲಿಲ್ಲ ನನಗೆ."

ಬದುವಿನಿಂದ ಇಳಿದು ಇನ್ನೊಂದು ಸಾಲಿನಿಂದ ಕೂಳೆ ಕೀಳತೊಡಗಿದೆ. ಸಾಲು ಮುಗಿದ ಮೇಲೆ ಅವಳು ಕೈ ಝಾಡಿಸಿಕೊಂಡು ನಿಂತಳು.

"ಬರ್ತೇನೆ. ಆದರೆ ಬುಟ್ಟಿ ಬೇರೆ ಬೇರೆ ಬೇಕು. ಹಿಕ್ಕೆ ಬುಟ್ಟಿಗೆ ಕೆಂಪು ಬಟ್ಟೆ ಕಟ್ಟೋಣ. ಕೆಂಪು ಬಟ್ಟೆಯದ್ದು ಹೊಸಿಲು ದಾಟಿ ಒಳಗೆ ಬರಬಾರದು. ನೀವು ತಂದರೂ ಬಿಡಲ್ಲ."

ಅವತ್ತೇ ಗಾಂಧಿಬಾಗಿಗೆ ಹೋಗಿ ಹನ್ನೆರಡು ಹೊಸ ಬುಟ್ಟಿ ತಂದೆ. ಗುಂಡಿ ಮುಚ್ಚಿ ಎಂದು ಕುಲಕರ್ಣಿಯವರು ಹೇಳಲಿಲ್ಲ. ಬಾವಿಯ ಆಚೆಗೆ, ಗಾಳಿ ಮನೆಯ ಕಡೆ ಬೀಸದ ದಿಕ್ಕಿಗೆ ಹೊಸ ಗುಂಡಿ ತೋಡಿದೆವು. ರೋಗದ ಹುಳುವನ್ನು ಗುಂಡಿಗೆ ಹಾಕದೆ ಸುಣ್ಣದೊಡನೆ ಬೇರೆಯಾಗಿ ಆಳಕ್ಕೆ ಹೂಳುವುದು ಶುರುವಾಯಿತು. ಮನೆಯನ್ನು ಫಾರ್ಮಲಿನ್‌ನಿಂದ ತೊಳೆದೆವು. ಮುಂದೆ ನಾನು ಕೆಲಸ ಮಾಡಿದ ಎಲ್ಲ ಕಡೆಯೂ ಈ ಕ್ರಮ ಇಟ್ಟುಕೊಂಡೆ. ಹೊಸಬರಿಗೆ ನಾನು ಮೊದಲು ತೋರಿಸುತ್ತಿದ್ದುದು ಹುಳುವನ್ನಲ್ಲ, ಬುಟ್ಟಿಯನ್ನು.

ಸಖೂಬಾಯಿ ಈ ಸಲ ತನ್ನ ಹೊಲಕ್ಕೆ ಗೊಬ್ಬರ ಒಪ್ಪಲಿಲ್ಲ. "ಮೊದಲು ಸರ್ಕಾರದ ಹೊಲದಲ್ಲಿ ಹಾಕಿ ನೋಡಿ," ಎಂದಳು. ನ್ಯಾಯವಾದ ಮಾತು. ಬಾವಿಯ ಬದಿಗೆ ಖಾಲಿ ಇದ್ದ ನೆಲದಲ್ಲಿ ಸಮನಾದ ಮೂರು ಪಟ್ಟಿ ಮಾಡಿದೆ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬರೀ ಸಗಣಿ ಗೊಬ್ಬರ, ಒಂದಕ್ಕೆ ಹಿಕ್ಕೆ ಗೊಬ್ಬರ. ಒಂದೇ ದಿನ, ಒಂದೇ ಬೀಜ ಬಿತ್ತಿದೆವು. ಕುಲಕರ್ಣಿಯವರು ಮೂರು ಹಲಗೆ ಬರೆಸಿ ತಂದು ನೆಟ್ಟರು. ಮೊದಲ ಜೋರು ಮಳೆಗೆ ಬಣ್ಣ ತೊಳೆದುಹೋಗಿ ಹಲಗೆಗಳು ಮೂರೂ ಒಂದೇ ಆದವು.

ಹಲಗೆ ಬೇಕಾಗಲಿಲ್ಲ. ಆಗಸ್ಟ್ ಮುಗಿಯುವಷ್ಟರಲ್ಲಿ ಹಿಕ್ಕೆಯ ಪಟ್ಟಿ ಬಣ್ಣದಲ್ಲೇ ಬೇರೆ ಕಾಣುತ್ತಿತ್ತು. ದಂಟು ದಪ್ಪ, ಎಲೆ ಅಗಲ. ತೆನೆ ಬಿಟ್ಟಾಗ ಸಗಣಿಯ ಪಟ್ಟಿಗಿಂತ ಭಾರವಾಗಿಯೇ ಬಾಗಿತು, ಆದರೆ ನಾನು ಮೊದಲು ಸಖೂಬಾಯಿಗೆ ಹೇಳಿಕೊಂಡಿದ್ದಷ್ಟು ಹೆಚ್ಚೇನೂ ಅಲ್ಲ. ಮೊದಲು ಹಣ್ಣಾದದ್ದೂ ಅದೇ ಆದ್ದರಿಂದ ಹಕ್ಕಿಗಳೆಲ್ಲ ಅದಕ್ಕೇ ಬಂದವು. ಒಂದು ಪಾಲು ಅವು ತಿಂದವು. ಅದನ್ನೂ ವರದಿಯಲ್ಲಿ ಬರೆದೆ. ಹಕ್ಕಿಯ ವಿಷಯ ತೆಗೆದುಬಿಡೋಣ ಎಂದು ನನಗೆ ಒಂದು ಗಳಿಗೆ ಅನಿಸಿತ್ತು. ಜೂನ್ ತಿಂಗಳ ನೆನಪಾಗಿ ಬಿಡಲಿಲ್ಲ.

ಸಖೂಬಾಯಿ ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. "ಕಾಳು ತುಂಬಿದೆ," ಎಂದಳು. ಬೇರೆ ಹೊಗಳಿಕೆ ಬರಲಿಲ್ಲ.

ವರದಿಗೆ ಉತ್ತರ ಮೂರು ತಿಂಗಳ ಮೇಲೆ ಬಂತು. ಕುಲಕರ್ಣಿಯವರು ಓದಿ ನನ್ನತ್ತ ಚಾಚಿದರು. ರೇಷ್ಮೆಯವರು ಜೋಳದ ಪ್ರಯೋಗ ಮಾಡಿದ್ದು ಯಾರ ಅನುಮತಿಯಿಂದ ಎಂದು ಕೇಳಿದ್ದರು. ಜೋಳ ಬೇರೆ ಇಲಾಖೆಗೆ ಸೇರಿದ್ದು. ಆ ಇಲಾಖೆಗೆ ನಾವು ಕಳಿಸಿದ ಪ್ರತಿಗೆ ಅವರೂ ಬರೆದರು, ಹುಳುವಿನ ಹಿಕ್ಕೆ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು.

"ಇಬ್ಬರೂ ಬರೋಬರ್ ಹೇಳ್ಯಾರ," ಎಂದರು ಕುಲಕರ್ಣಿ. ಅವರು ನಕ್ಕದ್ದನ್ನು ನಾನು ನೋಡಿದ್ದು ಅಪರೂಪ. ಅವತ್ತು ನೋಡಿದೆ.

ಇನ್ನೊಂದು ವರ್ಷ ನಡೆಯಿತು. ಹುಳು ಚಳಿಗಾಲದಲ್ಲಿ ಬರುತ್ತಿತ್ತು, ಬೇಸಿಗೆಯಲ್ಲಿ ಹೋಗುತ್ತಿತ್ತು. ಸಖೂಬಾಯಿ ತನ್ನ ಹೊಲದ ಅರ್ಧಕ್ಕೆ ಹಿಕ್ಕೆ ಗೊಬ್ಬರ ಹಾಕಿದಳು, ಅದನ್ನು ನೋಡಿ ಅಕ್ಕಪಕ್ಕದ ಹೊಲದವರು ಬಂದು ಗುಂಡಿಯ ಮೇಲೆ ಕಣ್ಣಿಟ್ಟರು. ಅಷ್ಟರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡವಾದವು. ನಾಗಪುರ ರಾಜಧಾನಿಯಾಗಿ ಉಳಿಯಲಿಲ್ಲ. ಕಚೇರಿಗಳು ಮುಂಬಯಿಯ ಕಡೆಗೋ ಭೋಪಾಲದ ಕಡೆಗೋ ಗಾಡಿ ಕಟ್ಟಿದವು. ನಮ್ಮಂತಹ ಸಣ್ಣ ಯೋಜನೆಗಳನ್ನು ಯಾರೂ ಬೇಕು ಎನ್ನಲಿಲ್ಲ. ಮುಚ್ಚಲು ಆದೇಶ ಬಂತು. ಹಿಪ್ಪುನೇರಳೆ ಬೇರುಸಹಿತ ಕೀಳುವುದು, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಂಕಿ ಒಪ್ಪಿಸುವುದು, ಸಾಕಣೆಯ ತ್ಯಾಜ್ಯವನ್ನೆಲ್ಲ ಸುಟ್ಟು ನೆಲ ಶುದ್ಧ ಮಾಡಿ ಕೊಡುವುದು.

ಗುಂಡಿ ತುಂಬಿತ್ತು. ಹದವಾದ ಗೊಬ್ಬರ, ಹಿಡಿಯಲ್ಲಿ ಹಿಡಿದರೆ ಪುಡಿಯಾಗುವಂತಹದು. ಕೊನೆಯ ದಿನ ಕುಲಕರ್ಣಿ ಸಾಹೇಬರು ಒಪ್ಪಿಸುವ ಪಟ್ಟಿ ಹಿಡಿದು ಬಂದರು. ಬೇಲಿಯ ಹೊರಗೆ ಹೊಲಕ್ಕೊಂದರಂತೆ ನಾಲ್ಕು ಎತ್ತಿನ ಗಾಡಿ ನಿಂತಿದ್ದವು. ಯಾರು ಹೇಳಿ ಕಳಿಸಿದ್ದರೋ ನಾನು ಕೇಳಲಿಲ್ಲ. ಸಖೂಬಾಯಿ ಒಂದು ಗಾಡಿಯ ಪಕ್ಕ ಬುಟ್ಟಿ ಹಿಡಿದು ನಿಂತಿದ್ದಳು. ಸುಡಲೆಂದು ತರಿಸಿದ ಎರಡು ಡಬ್ಬಿ ಸೀಮೆಎಣ್ಣೆ ಬಾವಿಯ ಕಟ್ಟೆಯ ಮೇಲಿತ್ತು.

ಕುಲಕರ್ಣಿಯವರು ಗಾಡಿಗಳನ್ನು ನೋಡಿದರು. ಆದೇಶವನ್ನು ತೆಗೆದು ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಕೋಟಿನ ತೋಳು ಮೇಲಕ್ಕೆ ಸರಿಸಿ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಎತ್ತಿದರು. ಆ ಗುಂಡಿಯನ್ನು ಅವರು ಮುಟ್ಟಿದ್ದು ಅದೇ ಮೊದಲು.

"ರಂಗಪ್ಪ, ಇದರಾಗ ಹಿಕ್ಕಿ ಯಾವುದು, ಮಣ್ಣು ಯಾವುದು?"

"ಈಗ ಗೊತ್ತಾಗಲ್ಲ ಸರ್."

"ಹುಳಾ ಐತೇನು?"

"ಇಲ್ಲ ಸರ್."

"ಮತ್ತ ಇದು ಸಾಕಣಿ ತ್ಯಾಜ್ಯ ಹೆಂಗ ಆಗತೈತಿ? ತ್ಯಾಜ್ಯ ಸುಡ್ರಿ ಅಂತ ಬರದಾರ. ಗೊಬ್ಬರ ಸುಡ್ರಿ ಅಂತ ಆದೇಶದಾಗ ಎಲ್ಲೂ ಇಲ್ಲ." ಎದ್ದು ಕೈ ಝಾಡಿಸಿದರು. "ನೆಲ ಶುದ್ಧ ಮಾಡಿ ಕೊಡ್ರಿ ಅಂತ ಐತಿ. ಶುದ್ಧ ಮಾಡಸ್ರಿ. ಜಲ್ದಿ."

ಗಾಡಿಗಳು ಒಳಗೆ ಬಂದವು. ಬಿಸಿಲು ಏರುವವರೆಗೂ ತುಂಬಿದರು. ಸಖೂಬಾಯಿ ಗುಂಡಿಯ ಮೂಲೆಗಳನ್ನು ಸಹ ಕೈಯಿಂದ ಬಳಿದು ತೆಗೆದಳು. ಕುಲಕರ್ಣಿಯವರು ನೆರಳಿಗೆ ಹೋಗದೆ ಅಲ್ಲೇ ನಿಂತಿದ್ದರು, ತಳದ ಕರಿ ಮಣ್ಣು ಕಾಣುವವರೆಗೆ. ಆಮೇಲೆ ಪಟ್ಟಿಗೆ ರುಜು ಹಾಕಿ, ನನಗೆ ನಮಸ್ಕಾರ ಹೇಳಿ, ಸೈಕಲ್ ಹತ್ತಿದರು.

ನಾನು ಅದೇ ವಾರ ಊರಿನ ಕಡೆಗೆ ಹೊರಟೆ. ಆ ಮಳೆಗಾಲ ಕಳಮನಾದ ಆ ನಾಲ್ಕು ಹೊಲಗಳಲ್ಲಿ ಜೋಳ ಹೇಗೆ ಬಂತು ಎಂದು ನನಗೆ ಗೊತ್ತಿಲ್ಲ. ಸಖೂಬಾಯಿಗೆ ಕಾಗದ ಬರೆಯುವ ಅಭ್ಯಾಸ ಇರಲಿಲ್ಲ, ನಾನೂ ಬರೆದು ಕೇಳಲಿಲ್ಲ.